ಬೇಸಿಗೆಯ ಅರವಟ್ಟಿಗೆ: ಇಡುವುದು ಸುಲಭ, ಮಳೆಗಾಲದವರೆಗೆ ನಡೆಸುವುದು ಹೇಗೆ?

ಯುಗಾದಿ ಹತ್ತಿರವಾದಂತೆ ಊರೂರಲ್ಲಿ ದಾರಿಹೋಕರಿಗೆ ಕುಡಿಯುವ ನೀರು ಕೊಡುವ ಅರವಟ್ಟಿಗೆಗಳು ಏಳುತ್ತವೆ. ನಾಲ್ಕು ಗಳು ನೆಟ್ಟು ಚಪ್ಪರ, ಅದರಡಿ ನಾಲ್ಕು ಮಡಕೆ, ಮುಂದೊಂದು ಬ್ಯಾನರು, ಟೇಪು ಕತ್ತರಿಸುವ ಫೋಟೊ. ಹದಿನೈದು ದಿನ ಬಿಟ್ಟು ಅದೇ ದಾರಿಯಲ್ಲಿ ಹೋಗಿ ನೋಡಿ. ಬ್ಯಾನರು ಇರುತ್ತದೆ, ಮಡಕೆಯ ತಳದಲ್ಲಿ ಪಾಚಿ ಇರುತ್ತದೆ, ನೀರು ಮಾತ್ರ ಇರುವುದಿಲ್ಲ. ಇದ್ದರೂ ಕುಡಿಯಲು ಧೈರ್ಯ ಬರುವುದಿಲ್ಲ.

ದುಡ್ಡು ಸಾಲದೆ ನಿಂತ ಅರವಟ್ಟಿಗೆಗಳು ಕಡಿಮೆ. ದಿನಾ ಮಡಕೆ ತೊಳೆಯುವವರು ಯಾರು ಎಂದು ಮೊದಲೇ ಮಾತಾಡಿಕೊಳ್ಳದೆ ನಿಂತವೇ ಹೆಚ್ಚು. ಹಳಬರಿಗೆ ಇದು ಗೊತ್ತಿತ್ತು. ಕೆರೆ, ಬಾವಿ, ಛತ್ರಗಳ ಸಾಲಿನಲ್ಲೇ ಅರವಟ್ಟಿಗೆಯನ್ನೂ ಹೆಸರಿಸುವ ಕನ್ನಡ ಶಾಸನಗಳಿವೆ; ಅದರ ಖರ್ಚಿಗೆಂದು ಭೂಮಿ ಬಿಟ್ಟುಕೊಟ್ಟ ದತ್ತಿಗಳೂ ಇವೆ. ಮಡಕೆ ಕೊಂಡರೆ ಮುಗಿಯಲಿಲ್ಲ, ನೀರು ಹೊರುವವರ ಹೊಟ್ಟೆಗೂ ದಾರಿ ಮಾಡಬೇಕು ಎಂಬ ಲೆಕ್ಕ ಅದರಲ್ಲಿದೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲು ಜನ, ಆಮೇಲೆ ಮಡಕೆ

ಯುಗಾದಿಯಿಂದ ಜೂನ್‌ನ ಮೃಗಶಿರಾ ಮಳೆಯವರೆಗೆ ಎಂದರೆ ಸುಮಾರು 75 ದಿನ. ಇಷ್ಟು ದಿನವೂ ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ಸಂಜೆ ಮುಕ್ಕಾಲು ಗಂಟೆಯ ಕೆಲಸವಿದೆ. ಬೆಳಗಿನದು ಲೋಟ, ಜಾಗ ತೊಳೆಯುವ ಕೆಲಸ, ಮಧ್ಯಾಹ್ನದ್ದು ಮರುಭರ್ತಿ, ಸಂಜೆಯದು ಮಡಕೆ ತೊಳೆದು ರಾತ್ರಿ ತಣ್ಣಗಾಗಲೆಂದು ತುಂಬಿಡುವುದು. ಸಂಘದಲ್ಲಿ ಹತ್ತು ಜನರಿದ್ದು ‘ಎಲ್ಲರೂ ಸೇರಿ ನೋಡ್ಕೊಳ್ಳೋಣ’ ಎಂದುಕೊಂಡರೆ ಮೂರನೇ ವಾರಕ್ಕೆ ಯಾರೂ ಇರುವುದಿಲ್ಲ. ವಾರದ ಏಳು ದಿನಕ್ಕೂ ಏಳು ಹೆಸರು ಬರೆದು ಚಪ್ಪರದ ಒಳಗಂಬಕ್ಕೆ ಅಂಟಿಸಿ. ಭಾನುವಾರದ ಹೆಸರು ಎಲ್ಲಕ್ಕಿಂತ ಮುಖ್ಯ. ಅಂಗಡಿ, ಹೋಟೆಲು ಮುಚ್ಚಿದ ಆ ದಿನವೇ ದಾರಿಹೋಕರಿಗೆ ನೀರು ಸಿಗುವುದು ಕಷ್ಟ, ಮದುವೆ ಮುಂಜಿ ಎಂದು ಸ್ವಯಂಸೇವಕರು ಊರು ಬಿಡುವುದೂ ಅಂದೇ.

ಇದಕ್ಕಿಂತ ಗಟ್ಟಿ ದಾರಿಯೂ ಇದೆ. ಪಕ್ಕದ ಹೂವಿನವರನ್ನೋ ಚಪ್ಪಲಿ ಹೊಲಿಯುವವರನ್ನೋ ಚಹಾ ಅಂಗಡಿಯವರನ್ನೋ ಕೇಳಿ, ಅರ್ಧ ದಿನದ ಕೂಲಿ ಗೊತ್ತು ಮಾಡಿ, ವಾರ ವಾರ ಕೈಗೆ ಕೊಡಿ. ಧರ್ಮದ ಕೆಲಸಕ್ಕೆ ಕೂಲಿ ಏಕೆ ಎನ್ನುವವರು ಇದ್ದೇ ಇರುತ್ತಾರೆ. ದಿನವಿಡೀ ಬಿಸಿಲಲ್ಲಿ ಕೂರುವವರಿಂದ ಬಿಟ್ಟಿ ದುಡಿಸಿಕೊಂಡು ನಾವು ಧರ್ಮ ಮಾಡಿದೆವು ಎನ್ನುವುದು ಎಲ್ಲಿಯ ನ್ಯಾಯ? ಬಜೆಟ್ಟಿನಲ್ಲಿ ಮೊದಲ ಸಾಲು ಕೂಲಿಯದ್ದೇ ಆಗಿರಲಿ.

ಜಾಗ ಹುಡುಕುವುದು

ಮುಖ್ಯರಸ್ತೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗಕ್ಕೂ ಬಾಯಾರಿದವರು ನಿಲ್ಲುವ ಜಾಗಕ್ಕೂ ವ್ಯತ್ಯಾಸವಿದೆ. ಏಪ್ರಿಲ್ ಮಧ್ಯಾಹ್ನ ಹನ್ನೆರಡಕ್ಕೆ ಊರಲ್ಲಿ ಒಂದು ಸುತ್ತು ಹಾಕಿ. ಹಮಾಲರು ಮೂಟೆ ಇಳಿಸುವ ಎಪಿಎಂಸಿ ಗೇಟು, ಬೆಳಿಗ್ಗೆ ಕೂಲಿಯವರು ಕಾಯುವ ವೃತ್ತ, ಖಾಸಗಿ ಬಸ್ಸು ನಿಲ್ಲುವ ತಿರುವು, ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲು, ತಾಲೂಕು ಕಚೇರಿ: ಇವೇ ನಿಜವಾದ ಜಾಗಗಳು. ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರದ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಹಳ್ಳಿಯಿಂದ ಬಂದವರು ಅಲ್ಲಿಂದ ಹೊರಬಿದ್ದು ಬಸ್ಸಿಗೆ ಕಾಯುವುದು ಬಿಸಿಲು ನೆತ್ತಿಗೇರಿದ ಹೊತ್ತಲ್ಲಿ. ಅಂಥ ಊರಲ್ಲಿ ಅರವಟ್ಟಿಗೆ ಒಂದರಿಂದ ನಾಲ್ಕರವರೆಗೆ ಬರಿದಾಗಲೇಬಾರದು.

ಬೇವು, ಹೊಂಗೆ, ಆಲದ ನೆರಳು ಸಿಕ್ಕರೆ ಚಪ್ಪರದ ಖರ್ಚೂ ಉಳಿಯುತ್ತದೆ, ನೀರೂ ತಣ್ಣಗಿರುತ್ತದೆ. ಆದರೆ ಕಾಗೆ, ಬಾವಲಿಗಳು ಕೂರುವ ಕೊಂಬೆಯ ನೇರ ಕೆಳಗೆ ಬೇಡ. ಚರಂಡಿಯಿಂದ, ಕಸದ ತೊಟ್ಟಿಯಿಂದ ದೂರವಿರಲಿ. ಪಾದಚಾರಿ ದಾರಿ ಮುಚ್ಚಬಾರದು. ಗ್ರಾಮ ಪಂಚಾಯ್ತಿ ಅಥವಾ ಪುರಸಭೆಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ. ಹಿಂದಿನ ಅಂಗಡಿಯವರನ್ನು ಬಾಯಿಮಾತಿನಲ್ಲಾದರೂ ಕೇಳಿ. ಚೆಲ್ಲಿದ ನೀರಿನ ಕೆಸರು ಅವರ ಮೆಟ್ಟಿಲಿಗೆ ಹರಿದರೆ ವಾರದೊಳಗೆ ಜಗಳ ಗ್ಯಾರಂಟಿ. ಮಡಕೆಯಿಂದ ಮರದ ಬುಡಕ್ಕೆ ಒಂದು ಗೇಣು ಅಗಲದ ಕಾಲುವೆ ತೋಡಿಬಿಟ್ಟರೆ ಲೋಟ ತೊಳೆದ ನೀರು ಮರಕ್ಕೆ ಹೋಗುತ್ತದೆ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಸೊಪ್ಪು ಮಾರುವ, ಬೀದಿ ಗುಡಿಸುವ, ಬಸ್ಸಿಗೆ ಕಾಯುವ ಹೆಂಗಸರು ಬಾಯಾರಿದರೂ ನೀರು ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆಲ್ಲಿ ಹೋಗುವುದು? ಹತ್ತಿರದ ಸಾರ್ವಜನಿಕ ಶೌಚಾಲಯ, ಪೆಟ್ರೋಲ್ ಬಂಕ್, ಒಪ್ಪುವ ಹೋಟೆಲು ಎಲ್ಲಿದೆ ಎಂದು ಬಾಣದ ಗುರುತು ಹಾಕಿ ಫಲಕದಲ್ಲಿ ಬರೆಯಿರಿ. ಬಂಕಿನವರ ಹತ್ತಿರ ಮೊದಲೇ ಮಾತಾಡಿ, ಬೀಗ ಹಾಕದಂತೆ ಒಪ್ಪಿಸಿ. ಈ ಒಂದು ಸಾಲು ಬರೆಯದಿದ್ದರೆ ನಿಮ್ಮ ನೀರು ಅರ್ಧ ಜನಕ್ಕೆ ಮಾತ್ರ.

ಎಷ್ಟು ನೀರು ಬೇಕು

ದಿನಕ್ಕೆ 300 ಜನ ಬರುವ ಜಾಗವೆಂದು ಇಟ್ಟುಕೊಳ್ಳಿ. ಒಬ್ಬರು ಒಂದೂವರೆ ಲೋಟ, ಅಂದರೆ 300 ಮಿಲಿ ಕುಡಿದರೆ 90 ಲೀಟರ್. ಆಟೊದವರು, ಡೆಲಿವರಿ ಹುಡುಗರು, ಪೌರಕಾರ್ಮಿಕರು ಬಾಟಲಿ ತುಂಬಿಸಿಕೊಳ್ಳುತ್ತಾರೆ. 40 ಬಾಟಲಿಗೆ 40 ಲೀಟರ್. ಚೆಲ್ಲಿದ್ದು, ಕೊನೆಯ ತಳದ ನೀರು ಸೇರಿ 20 ಲೀಟರ್. ಒಟ್ಟು 150, ಅಂದರೆ 20 ಲೀಟರಿನ ಏಳೂವರೆ ಕ್ಯಾನು. ಎಂಟು ಎಂದೇ ಹಿಡಿಯಿರಿ. ಲೋಟ ತೊಳೆಯುವ ನೀರು ಇದರಲ್ಲಿ ಬಂದಿಲ್ಲ, ಅದಕ್ಕೆ ಇನ್ನೊಂದು ಡ್ರಮ್ಮು ಬೇಕು.

‘ಬಾಟಲಿ ತುಂಬಬಾರದು’ ಎಂದು ಕೆಲವರು ಫಲಕ ಹಾಕುತ್ತಾರೆ. ತೆಗೆಸಿ. ಬಾಟಲಿ ತುಂಬುವವರು ಮುಂದಿನ ಮೂರು ಗಂಟೆ ಬಿಸಿಲಲ್ಲೇ ಇರುವವರು. ನೀರು ಸಾಲದಿದ್ದರೆ ಇನ್ನೊಂದು ಕ್ಯಾನು ತರಿಸಿ.

ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಹಲವು ಕಡೆ ಐದು ರೂಪಾಯಿ ನಾಣ್ಯಕ್ಕೆ 20 ಲೀಟರ್ ಸಿಗುತ್ತದೆ. ಎಂಟು ಕ್ಯಾನಿಗೆ ದಿನಕ್ಕೆ 40 ರೂಪಾಯಿ, 75 ದಿನಕ್ಕೆ 3,000. ಇದಕ್ಕಿಂತ ಸಾಗಾಟದ ಖರ್ಚೇ ಜಾಸ್ತಿಯಾಗಬಹುದು, ಆದ್ದರಿಂದ ಘಟಕದ ಹತ್ತಿರದ ಜಾಗವೇ ಲೇಸು.

ನೀರಿನ ಮೂಲ ಮತ್ತು ಶುದ್ಧತೆ

ಅಸಡ್ಡೆಯ ಅರವಟ್ಟಿಗೆ ಬಾಯಾರಿದವರಿಗೆ ವಾಂತಿಭೇದಿ ಕೊಟ್ಟು ಕಳಿಸುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡು ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸರಿಯಾದ ಮಿತಿ. ಬೇರೆ ಮೂಲವೇ ಇಲ್ಲದಿದ್ದಾಗ 1.5ರವರೆಗೆ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಮಡಕೆಯಲ್ಲಿಟ್ಟರೂ ಹೋಗದು. ಅಂಥ ಊರಲ್ಲಿ ಆರ್‌ಒ ಘಟಕದ ನೀರು ಅಥವಾ ನದಿಮೂಲದ ನಲ್ಲಿ ನೀರೇ ಗತಿ. ಮೂಲದ ಬಗ್ಗೆ ಅನುಮಾನವಿದ್ದರೆ ಗ್ರಾಮ ಪಂಚಾಯ್ತಿಯಲ್ಲಿರುವ ನೀರು ಪರೀಕ್ಷೆಯ ಕಿಟ್‌ನಿಂದ ನೋಡಿಸಿ.

ನಲ್ಲಿ, ಟ್ಯಾಂಕರ್, ತೆರೆದ ಬಾವಿಯ ನೀರಾದರೆ ಕ್ರಿಮಿ ಕೊಲ್ಲುವ ಕೆಲಸ ನಿಮ್ಮದು. ಮೊದಲು ಎರಡು ಮಡಿಕೆಯ ಹತ್ತಿಬಟ್ಟೆಯಲ್ಲಿ ಸೋಸಿ. ಕೆಸರು ನೀರಿನಲ್ಲಿ ಕ್ಲೋರಿನ್ ಕೆಲಸ ಮಾಡುವುದಿಲ್ಲ, ಮಣ್ಣಿನ ಕಣಗಳೇ ಅದನ್ನು ತಿಂದುಹಾಕುತ್ತವೆ. ಪಟಿಕ ಹಾಕಿದರೆ ನೀರು ತಿಳಿಯಾಗುತ್ತದೆ ನಿಜ, ಆದರೆ ಕ್ರಿಮಿ ಸಾಯುವುದಿಲ್ಲ. ತಿಳಿ ನೀರೆಲ್ಲ ಶುದ್ಧ ನೀರು ಎಂದುಕೊಳ್ಳುವುದೇ ದೊಡ್ಡ ತಪ್ಪು. ಆಮೇಲೆ ಕ್ಲೋರಿನ್ ಮಾತ್ರೆ. ಅರ್ಧ ಗ್ರಾಂ ತೂಕದ ಸಾಮಾನ್ಯ ಮಾತ್ರೆ 20 ಲೀಟರಿಗೆ ಒಂದು ಸಾಕು, ಆದರೂ ಪೊಟ್ಟಣದ ಮೇಲೆ ಬರೆದ ಲೀಟರ್ ಲೆಕ್ಕವನ್ನೇ ಅನುಸರಿಸಿ, ಏಕೆಂದರೆ ಮಾತ್ರೆಗಳ ಬಲ ಬೇರೆ ಬೇರೆ. ಕರಗಿದ ಮೇಲೆ ಅರ್ಧ ಗಂಟೆ ಮುಚ್ಚಿಡಿ. ಬ್ಲೀಚಿಂಗ್ ಪೌಡರ್ ಆದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಒಂದು ಗಂಟೆ ಕಾಯಬೇಕು. ಈ ಲೆಕ್ಕ ದೊಡ್ಡ ನೀರಿನ ತೊಂಬೆಗೆ ಸರಿ. ಇನ್ನೂರು ಲೀಟರಿನ ಡ್ರಮ್ಮಿಗೆ ಅರ್ಧ ಗ್ರಾಂ ತೂಗಲು ಯಾರ ಹತ್ತಿರವೂ ತಕ್ಕಡಿ ಇರುವುದಿಲ್ಲ, ಕೈಯಳತೆಯಲ್ಲಿ ಹಾಕಿದರೆ ನೀರು ಗಬ್ಬು ನಾರಿ ಜನ ಉಗುಳುತ್ತಾರೆ. ಡ್ರಮ್ಮಿಗೆ ಮಾತ್ರೆಯೇ ಇರಲಿ. ಕುದಿಸುವುದಾದರೆ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಆದರೆ ದಿನಕ್ಕೆ 150 ಲೀಟರ್ ಕುದಿಸಿ ಆರಿಸುವುದು ಆಗಿಬರುವ ಕೆಲಸವಲ್ಲ.

ಕ್ಲೋರಿನ್ ಹಾಕಿದ ನೀರನ್ನು ಮಡಕೆಗೆ ಸುರಿದ ಮೇಲೆ ಅದರ ಬಲ ಬೇಗ ಇಳಿಯುತ್ತದೆ. ಸಂಜೆಯ ಹೊತ್ತಿಗೆ ಆ ನೀರಿಗೆ ಕಾವಲು ಇರುವುದಿಲ್ಲ. ನಿನ್ನೆಯ ನೀರಿನ ಮೇಲೆ ಇವತ್ತಿನದನ್ನು ಸುರಿಯಬಾರದು ಎನ್ನುವುದು ಇದಕ್ಕೇ. ತಳದಲ್ಲಿ ಉಳಿದದ್ದನ್ನು ಗಿಡಕ್ಕೆ ಚೆಲ್ಲಿ, ತೊಳೆದು, ಹೊಸದಾಗಿ ತುಂಬಿ.

ಐಸ್ ಬೇಡ. ಮೀನು ಮತ್ತಿತರ ಸಾಮಾನು ಕೆಡದಂತಿಡಲು ಮಾಡುವ ದಿಮ್ಮಿಗಳು ಕುಡಿಯುವ ನೀರಿನವಲ್ಲ. ತಿನ್ನಬಾರದ ಐಸ್‌ಗೆ ನೀಲಿ ಬಣ್ಣ ಸೇರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿತ್ತು. ಬಣ್ಣ ಇಲ್ಲದ ದಿಮ್ಮಿ ಬಂತೆಂದು ಅದು ಶುದ್ಧ ಎಂದುಕೊಳ್ಳುವಂತಿಲ್ಲ.

ಮಡಕೆ

ಮಣ್ಣಿನ ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳಿಂದ ನೀರು ಜಿನುಗಿ, ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರು ಹತ್ತು ಡಿಗ್ರಿ ಇಳಿಯಬೇಕಾದರೆ ಲೆಕ್ಕದ ಪ್ರಕಾರ 17–18 ಗ್ರಾಂ ಆವಿಯಾದರೆ ಸಾಕು. ಒಣಗಾಳಿಯ ಬಯಲುಸೀಮೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರು, ಕಾರವಾರದ ಬೆವರು ಆರದ ಗಾಳಿಯಲ್ಲಿ ಆವಿಯಾಗುವುದೇ ಕಡಿಮೆ, ಮಡಕೆ ನೀರೂ ಅಷ್ಟಕ್ಕಷ್ಟೆ. ಅಲ್ಲಿ ತಂಪಿನ ಆಸೆ ಬಿಟ್ಟು, ಕರಾವಳಿ–ಮಲೆನಾಡಿನ ಮನೆಗಳಲ್ಲಿ ಬಂದವರಿಗೆ ಕೊಡುವಂತೆ ನೀರಿನ ಜೊತೆ ಒಂದು ಚೂರು ಬೆಲ್ಲ ಕೊಡಿ. ಒಂದು ಕಿಲೊ ಬೆಲ್ಲ ಐದೈದು ಗ್ರಾಮಿನ ಇನ್ನೂರು ಚೂರಾಗುತ್ತದೆ. ಮುಚ್ಚಳದ ಡಬ್ಬಿ, ಚಿಮುಟ ಇಲ್ಲದಿದ್ದರೆ ಮಾತ್ರ ಇರುವೆ, ನೊಣಗಳ ಪಾಲು.

ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಎಂದರೆ ಸರಿ, ದಡ್ ಎಂದರೆ ಎಲ್ಲೋ ಬಿರುಕಿದೆ. ಹೊಳಪಿನ ಲೇಪವಿದ್ದದ್ದು, ಹೊರಗೆ ಆಯಿಲ್ ಪೇಂಟು ಬಳಿದದ್ದು ಬೇಡ; ರಂಧ್ರ ಮುಚ್ಚಿ ನೀರು ತಣ್ಣಗಾಗುವುದಿಲ್ಲ. ಅರವಟ್ಟಿಗೆ ಚಂದ ಕಾಣಲಿ ಎಂದು ನೀವೇ ಬಣ್ಣ ಹಚ್ಚಿಸುವುದೂ ಅದೇ ತಪ್ಪು. ಹೆಸರು ಬರೆಯಲೇಬೇಕಿದ್ದರೆ ಸುಣ್ಣದಲ್ಲಿ ಬರೆಯಿರಿ. ಹೊಸ ಮಡಕೆಯನ್ನು ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಡಿ, ಮುಂದಿನ ಎರಡು ಮೂರು ದಿನ ತುಂಬಿ ಚೆಲ್ಲಿ. ಮಣ್ಣಿನ ವಾಸನೆ ಹದಕ್ಕೆ ಬರುತ್ತದೆ.

15 ಲೀಟರಿನ ಮಡಕೆ ತುಂಬಿದರೆ ಹತ್ತಿರ ಹತ್ತಿರ ಇಪ್ಪತ್ತು ಕಿಲೊ ಭಾರ. ಎರಡೂವರೆ ಅಡಿ ಎತ್ತರದ ಗಟ್ಟಿ ಕಟ್ಟೆಯ ಮೇಲೆ ನಾಲ್ಕಂಗುಲ ಮರಳು ಹಾಸಿ, ಕುಳಿ ಮಾಡಿ ಕೂರಿಸಿ. ಮರಳು ಸದಾ ತೇವವಿರಲಿ. ಸುತ್ತ ಗೋಣಿಚೀಲ ಸುತ್ತುವುದಾದರೆ ಅದನ್ನೂ ಆಗಾಗ ನೆನೆಸಬೇಕು. ಒಣಗಿದ ಗೋಣಿ ಗಾಳಿಗೆ ಅಡ್ಡ. ಎರಡೂವರೆ ಅಡಿ ಏಕೆಂದರೆ ಗಾಲಿಕುರ್ಚಿಯವರಿಗೂ ಶಾಲೆಮಕ್ಕಳಿಗೂ ನಲ್ಲಿ ಕೈಗೆಟುಕುತ್ತದೆ.

ನಲ್ಲಿ ಇರುವ ಮಡಕೆಯನ್ನೇ ತನ್ನಿ. ಲೋಟ ಅದ್ದಿ ತೆಗೆಯುವ ಮಡಕೆಯಲ್ಲಿ ಮಧ್ಯಾಹ್ನದೊಳಗೆ ಇನ್ನೂರು ಕೈಗಳ ಬೆರಳು ಮುಳುಗಿರುತ್ತವೆ. ನಲ್ಲಿ ಸಿಗದಿದ್ದರೆ ಒಂದು ಮೊಳ ಹಿಡಿಕೆಯ ಸೌಟು, ಅದನ್ನು ನೇತುಹಾಕಲು ಕೊಕ್ಕೆ. ಮುಚ್ಚಳದ ಮೇಲೆ ಮಲಗಿಸಿಟ್ಟ ಸೌಟು ಧೂಳು ಹೊತ್ತು ಒಳಗೆ ಹೋಗುತ್ತದೆ. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ತಟ್ಟೆ ಮುಚ್ಚಿ.

ಮಡಕೆ ತಣ್ಣಗಾಗಲು ಇಡೀ ರಾತ್ರಿ ಬೇಕು. ಸಂಜೆ ಆರಕ್ಕೆ ತೊಳೆದು ತುಂಬಿದ್ದು ಮರುದಿನ ಹತ್ತಕ್ಕೆ ಹದವಾಗಿರುತ್ತದೆ. ಮಧ್ಯಾಹ್ನ ಒಂದಕ್ಕೆ ಬಿಸಿ ನೀರು ಸುರಿದರೆ ತಂಪೆಲ್ಲ ಹೋಯಿತು. ಅದಕ್ಕೆ ಒಂದೇ ಸಲ ಎಲ್ಲ ನಲ್ಲಿ ಬಿಚ್ಚಬೇಡಿ. ಆರು ಮಡಕೆ ಇದ್ದರೆ ಎರಡೆರಡರಂತೆ ತೆರೆಯಿರಿ. ಉಳಿದ ನೀರನ್ನು ನೆರಳಿನಲ್ಲಿ, ಒದ್ದೆ ಗೋಣಿ ಸುತ್ತಿದ ಆಹಾರ ದರ್ಜೆಯ ಡ್ರಮ್ಮಿನಲ್ಲಿಟ್ಟು, ಖಾಲಿಯಾದ ಜೋಡಿಗೆ ಅಲ್ಲಿಂದ ತುಂಬಿ. ರಾಸಾಯನಿಕ ಬಂದ ನೀಲಿ ಡ್ರಮ್ಮನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಕೂಡದು.

ತೊಳೆಯಲು ತೆಂಗಿನ ನಾರು, ಕಲ್ಲುಪ್ಪು, ಬಿಸಿನೀರು. ಸೋಪು, ಪುಡಿ ಮುಟ್ಟಿಸಬೇಡಿ. ರಂಧ್ರಕ್ಕೆ ಇಳಿದು ವಾರಗಟ್ಟಲೆ ನೀರಿನಲ್ಲಿ ರುಚಿ ಬಿಡುತ್ತದೆ. ವಾರಕ್ಕೊಂದು ಸಲ ಸರದಿಯಂತೆ ಎರಡು ಮಡಕೆಗಳನ್ನು ಬಿಸಿಲಿಗೆ ಬೋರಲು ಹಾಕಿ ಪೂರ್ತಿ ಒಣಗಿಸಿ. ಇದರಲ್ಲಿ ಸೊಳ್ಳೆಯ ಲೆಕ್ಕವೂ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ಶುಭ್ರ ನೀರಿನ ಅಂಚಿನಲ್ಲೇ; ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಉಜ್ಜಬೇಕು. ಮೇ ಮಧ್ಯದ ಹೊತ್ತಿಗೆ ಗಡಸು ನೀರಿನ ಊರಲ್ಲಿ ಮಡಕೆಯ ಹೊರಮೈಗೆ ಬಿಳಿ ಉಪ್ಪು ಹೂವಿನಂತೆ ಕಟ್ಟುತ್ತದೆ. ರಂಧ್ರ ಮುಚ್ಚುತ್ತಿದೆ ಎಂದರ್ಥ. ನಾರಿನಿಂದ ಉಜ್ಜಿ ನೋಡಿ, ಆಗದಿದ್ದರೆ ಮಡಕೆ ಬದಲಿಸಿ.

ಲೋಟ

ಸ್ಟೀಲ್ ಲೋಟವೇ ಲೇಸು. ಪ್ಲಾಸ್ಟಿಕ್ ಲೋಟ ಕರ್ನಾಟಕದಲ್ಲಿ 2016ರಿಂದ, ದೇಶದಾದ್ಯಂತ 2022ರ ಜುಲೈ 1ರಿಂದ ನಿಷಿದ್ಧ. ಪೇಪರ್ ಲೋಟಕ್ಕೂ ಒಳಗೆ ಪ್ಲಾಸ್ಟಿಕ್ ಪದರವಿದೆ. ದಿನಕ್ಕೆ 300 ಲೋಟ ಗುಡಿಸಬೇಕಾದವರು ಯಾರು? ಆ ಪೌರಕಾರ್ಮಿಕರ ಬಾಯಾರಿಕೆಗೇ ನೀರಿಟ್ಟು ಅವರ ಕೆಲಸವನ್ನೇ ಹೆಚ್ಚಿಸಿದಂತಾಗುತ್ತದೆ. ದಟ್ಟಣೆಯ ಹೊತ್ತಲ್ಲಿ ಗಂಟೆಗೆ 60 ಜನ, ತೊಳೆದು ಬರಲು 20–30 ನಿಮಿಷ ಎಂದರೆ 40 ಲೋಟ ಸಾಕು. ಒಂದು ಬುಟ್ಟಿ ಎಂಜಲು ಲೋಟಕ್ಕೆ, ಒಂದು ಟಬ್ ಸೋಪಿನ ನೀರು, ಒಂದು ತಿಳಿನೀರು, ಕೊನೆಗೆ ಬಿಸಿಲಲ್ಲಿ ಜಾಲರಿ ಮೇಲೆ ಬೋರಲು. ತಿಳಿನೀರನ್ನು 50 ಲೋಟಕ್ಕೊಮ್ಮೆ ಬದಲಿಸಿ. ಸರಪಳಿ ಕಟ್ಟಿದ ಒಂದೇ ಲೋಟದ ಅರವಟ್ಟಿಗೆ ಬೇಡವೇ ಬೇಡ: ಅದನ್ನು ಯಾರೂ ಸರಿಯಾಗಿ ತೊಳೆಯಲಾರರು. ಬೇಸಿಗೆ ಮುಗಿಯುವಷ್ಟರಲ್ಲಿ ಹತ್ತು ಲೋಟ ಕಳೆದರೆ ಕಳೆಯಲಿ ಬಿಡಿ, ಖರ್ಚಿನಲ್ಲಿ ಬರೆದುಕೊಳ್ಳಿ.

ಇನ್ನು ಯಾರು ಯಾವ ಲೋಟದಲ್ಲಿ ಎಂಬ ಮಾತು. ಹೋಟೆಲುಗಳಲ್ಲಿ ಜಾತಿಗೊಂದು ಲೋಟ ಬೇರೆ ಇಡುತ್ತಿದ್ದದ್ದು, ಅರವಟ್ಟಿಗೆಯಲ್ಲೂ ಕೆಲವರಿಗೆ ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದದ್ದು ನಮ್ಮದೇ ನೆಲದ ಚರಿತ್ರೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡದ ಚೌದಾರ್ ಕೆರೆಗೆ ಸಾವಿರಾರು ಜನರೊಂದಿಗೆ ನಡೆದುಹೋಗಿ ನೀರು ಕುಡಿದದ್ದು ಈ ಹಕ್ಕಿಗಾಗಿಯೇ. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆಗಳ ಮಾತು ಬಂದಿರುವುದೂ ಇದಕ್ಕೇ. ಇವತ್ತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬೀದಿ ಗುಡಿಸುವವರು ಬಂದಾಗ ಪೇಪರ್ ಲೋಟ ಹುಡುಕುವ ಕೈಗಳಿವೆ. ನಲ್ಲಿ ಇದ್ದರೆ ಈ ಸಮಸ್ಯೆಯ ಮುಕ್ಕಾಲು ಪಾಲು ತಾನಾಗಿ ತೀರುತ್ತದೆ: ಬಂದವರು ತಾವೇ ಲೋಟ ತೆಗೆದು ತಾವೇ ಹಿಡಿದುಕೊಳ್ಳುತ್ತಾರೆ, ಯಾರ ಮುಖವನ್ನೂ ನೋಡಬೇಕಿಲ್ಲ. ಎಲ್ಲರಿಗೂ ಒಂದೇ ಜಾಲರಿಯ ಲೋಟ. ನೀರು ಕೊಡುವವರಿಗೆ ಮೊದಲ ದಿನವೇ ಇದನ್ನು ಬಿಡಿಸಿ ಹೇಳಿ. ಕುಡಿಯುತ್ತಿರುವವರ ಫೋಟೊ ತೆಗೆಯುವುದೂ ಬೇಡ.

ಫಲಕದಲ್ಲಿ ದಾನಿಗಳ ಮುಖಕ್ಕಿಂತ ಲೋಟದ ದೊಡ್ಡ ಚಿತ್ರವಿರಲಿ. ಓದು ಬಾರದವರಿಗೂ ಬೇರೆ ರಾಜ್ಯದ ಕೂಲಿಯವರಿಗೂ ತಿಳಿಯುತ್ತದೆ. ಕೆಳಗೆ ‘ಇಂದು ತೊಳೆದದ್ದು’ ಎಂದು ಬರೆದು ಪಕ್ಕದಲ್ಲಿ ದಿನಾಂಕಕ್ಕೆ ಒಂದು ಸ್ಲೇಟು ನೇತುಹಾಕಿ. ಮೂರು ದಿನ ಹಳೆಯ ದಿನಾಂಕ ಕಂಡರೆ ಊರೇ ನಿಮ್ಮನ್ನು ಕೇಳುತ್ತದೆ.

ಮಜ್ಜಿಗೆ, ಪಾನಕ

ದಿನಾ ಮಜ್ಜಿಗೆ ಎಂದು ಘೋಷಿಸಿ ವಾರಕ್ಕೆ ನಿಲ್ಲಿಸುವುದಕ್ಕಿಂತ, ಸಂತೆಯ ದಿನ ಮಾತ್ರ ಎಂದು ಹೇಳಿ ತಪ್ಪದೆ ಮಾಡುವುದು ಮೇಲು. 150 ಮಿಲಿಯ ನೂರು ಲೋಟಕ್ಕೆ 15 ಲೀಟರ್ ಮಜ್ಜಿಗೆ: 3 ಲೀಟರ್ ಗಟ್ಟಿ ಮೊಸರು, 12 ಲೀಟರ್ ಶುದ್ಧೀಕರಿಸಿದ ನೀರು, 60ರಿಂದ 75 ಗ್ರಾಂ ಉಪ್ಪು, 100 ಗ್ರಾಂ ಶುಂಠಿ, ಎಂಟು ಹತ್ತು ಹಸಿಮೆಣಸಿನಕಾಯಿ, ಎರಡು ಹಿಡಿ ಕರಿಬೇವು, ಒಂದು ಕಟ್ಟು ಕೊತ್ತಂಬರಿ, ಅರ್ಧ ಚಮಚ ಇಂಗು. ಮೆಣಸಿನಕಾಯಿ ಹೆಚ್ಚಿ ಹಾಕಬೇಡಿ. ಗಟಗಟ ಕುಡಿಯುವವರ ಗಂಟಲಿಗೆ ಚೂರು ಸಿಕ್ಕಿಕೊಂಡು ಕೆಮ್ಮು ಹತ್ತುತ್ತದೆ. ಎಲ್ಲವನ್ನೂ ರುಬ್ಬಿ, ಸೋಸಿ, ರಸ ಮಾತ್ರ ಬೆರೆಸಿ. ಸೊಪ್ಪುಗಳನ್ನು ಮೂರು ನೀರಿನಲ್ಲಿ ತೊಳೆಯಿರಿ.

ನಲವತ್ತು ಡಿಗ್ರಿ ಬಿಸಿಲಲ್ಲಿ ಮಜ್ಜಿಗೆ ಮೂರು ಗಂಟೆಗೆ ಹುಳಿಯಾಗತೊಡಗುತ್ತದೆ. ಎಲ್ಲವನ್ನೂ ಬೆಳಿಗ್ಗೆಯೇ ಕಲಸಿಡದೆ, ಮೊಸರನ್ನು ತಂಪಲ್ಲಿಟ್ಟು ಐದೈದು ಲೀಟರಿನಂತೆ ಹದ ಮಾಡಿ. ಪಾತ್ರೆ ಸ್ಟೀಲಿನದೇ ಆಗಬೇಕು. ಕಲಾಯಿ ಹೋದ ಹಿತ್ತಾಳೆ, ತಾಮ್ರದಲ್ಲಿ ಹುಳಿ ನಿಂತರೆ ಲೋಹ ಬಿಟ್ಟುಕೊಂಡು ಹೊಟ್ಟೆ ತೊಳಸುತ್ತದೆ.

ರಾಮನವಮಿಯ ಬೆಲ್ಲದ ಪಾನಕಕ್ಕೆ ಒಂದು ಕಿಲೊ ಬೆಲ್ಲ, ಎಂಟು ಲೀಟರ್ ನೀರು, ಹತ್ತು ನಿಂಬೆಹಣ್ಣು, ಹತ್ತು ಗ್ರಾಂ ಶುಂಠಿಪುಡಿ, ಐದು ಗ್ರಾಂ ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲವನ್ನು ಮೊದಲು ಬಿಸಿನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಉಳಿಯುವ ಮರಳು, ಕಬ್ಬಿನ ನಾರು ನೋಡಿದರೆ ಏಕೆಂದು ತಿಳಿಯುತ್ತದೆ. ಪಾನಕವಿರುವ ದಿನವೂ ಬರೀ ನೀರು ಪಕ್ಕದಲ್ಲೇ ಇರಲಿ. ಸಕ್ಕರೆ ಕಾಯಿಲೆಯವರಿಗೆ ಪಾನಕ, ರಕ್ತದೊತ್ತಡದವರಿಗೆ ಉಪ್ಪು ಮಜ್ಜಿಗೆ ಒತ್ತಾಯ ಮಾಡಿ ಕುಡಿಸುವುದು ಉಪಚಾರವಲ್ಲ.

ತಲೆಸುತ್ತಿ ಬಂದವರಿಗೆ

ಚಪ್ಪರದಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ, ಒಂದು ಲೀಟರಿನ ಅಳತೆ ಬಾಟಲಿ, ಟವೆಲು, ಬೀಸಣಿಗೆ ಇಟ್ಟಿರಿ. ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಹಾಕಬೇಕು; ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಉಪ್ಪು ಹೆಚ್ಚಾಗಿ ತೊಂದರೆ. ಬೆರೆಸಿದ್ದು 24 ಗಂಟೆ ಮಾತ್ರ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಬೆವರುತ್ತಾ, ಸುಸ್ತಾಗಿ, ಮಾತಾಡುತ್ತಿರುವವರನ್ನು ನೆರಳಿನಲ್ಲಿ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಟ್ಟು, ಗುಟುಕು ಗುಟುಕಾಗಿ ಕುಡಿಸಿ. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲುತ್ತಿದ್ದರೆ, ಎಲ್ಲಿದ್ದೇನೆ ಎಂದು ಗೊತ್ತಾಗದಿದ್ದರೆ ಅದು ಉಷ್ಣಾಘಾತ; ಬೆವರು ಇದ್ದರೂ ಇಲ್ಲದಿದ್ದರೂ. ಕೂಡಲೇ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನಿರಬೇಡಿ: ಬಟ್ಟೆ ಸಡಿಲಿಸಿ, ಮೈಮೇಲೆ ಧಾರಾಳವಾಗಿ ನೀರು ಸುರಿದು ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಟವೆಲಿಡಿ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ. ಸುತ್ತ ನೆರೆದ ಹತ್ತು ಜನರಲ್ಲಿ ಒಬ್ಬರಾದರೂ ‘ಸ್ವಲ್ಪ ನೀರು ಕುಡಿಸಿ’ ಎನ್ನುತ್ತಾರೆ. ಕೇಳಬೇಡಿ.

ಮೂಕಪ್ರಾಣಿಗಳಿಗೆ

ಹಕ್ಕಿಗೆ ಅಗಲವಾದ ಮಣ್ಣಿನ ತಟ್ಟೆ, ಎರಡು ಅಂಗುಲಕ್ಕಿಂತ ಆಳ ಬೇಡ. ನಡುವೆ ಒಂದು ಕಲ್ಲಿಡಿ. ಜೇನ್ನೊಣ, ಮರಿಹಕ್ಕಿ ಜಾರಿ ಬಿದ್ದರೆ ಹತ್ತಿ ಪಾರಾಗಲು. ಬೆಕ್ಕು ಹೊಂಚುಹಾಕುವ ಪೊದೆಯಿಂದ ದೂರ, ನೆರಳಿನಲ್ಲಿ, ದಿನಾ ಉಜ್ಜಿ ಹೊಸ ನೀರು. ಕಾಳು ಹಾಕುವುದಾದರೆ ನವಣೆ, ರಾಗಿ. ಉಪ್ಪು ಬೆರೆತ ಚಿತ್ರಾನ್ನ, ಮಿಕ್ಸ್ಚರ್ ಬೇಡ. ನಾಯಿಗೆ ನೆಲದ ಮಟ್ಟದಲ್ಲಿ ಭಾರದ ಕಲ್ಲಿನ ಬಾನಿ, ಹಗುರಾದದ್ದನ್ನು ಅವು ಮಗುಚುತ್ತವೆ. ದನಕ್ಕೆ ಸಿಮೆಂಟಿನ ತೊಟ್ಟಿಯೇ ಬೇಕು. ದೊಡ್ಡ ಹಸು ಬೇಸಿಗೆಯಲ್ಲಿ ದಿನಕ್ಕೆ ಐವತ್ತು ಲೀಟರಿಗೂ ಮೇಲೆ ಕುಡಿಯಬಲ್ಲದು, ಬಕೆಟ್ ಇಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಬೀದಿಯಲ್ಲಿ ಇಡಲಾಗದವರು

ಮನೆಯ ಗೇಟಿನ ಬಳಿ ಐದು ಲೀಟರಿನ ನಲ್ಲಿಮಡಕೆ, ಎರಡು ಲೋಟ ಸಾಕು. ಅಂಚೆಯವರು, ಗ್ಯಾಸ್ ತರುವವರು, ಕಸ ಒಯ್ಯುವವರು, ಮೀಟರ್ ನೋಡುವವರು ಕೇಳಲು ಸಂಕೋಚಪಡುತ್ತಾರೆ, ಕಂಡರೆ ಕುಡಿಯುತ್ತಾರೆ. ಅಪಾರ್ಟ್‌ಮೆಂಟಿನಲ್ಲಾದರೆ ಲಿಫ್ಟಿನ ಪಕ್ಕ ಇಡಬಹುದು, ಆದರೆ ‘ಸರ್ವೀಸ್‌ನವರಿಗೆ’ ಎಂದು ಚೀಟಿ ಅಂಟಿಸಬೇಡಿ. ಮನೆಯವರೂ ಅದರಲ್ಲೇ ಕುಡಿದರೆ ತೊಳೆಯುವುದು ತಾನಾಗಿ ನೆನಪಿರುತ್ತದೆ.

ಮಳೆ ಹಿಡಿದ ಮೇಲೆ

ಒಂದು ಮುಂಗಾರುಪೂರ್ವ ಮಳೆ ಬಿತ್ತೆಂದು ಮೇ ಮೊದಲ ವಾರವೇ ಚಪ್ಪರ ಬಿಚ್ಚುವವರಿದ್ದಾರೆ. ಮರುದಿನದ ಸೆಕೆ ಇನ್ನೂ ಜೋರಿರುತ್ತದೆ. ಜೂನ್ ಎರಡನೇ ವಾರದವರೆಗೆ ಕಾಯಿರಿ. ಬಿಚ್ಚುವ ದಿನ ಮರಳು, ಗೋಣಿ ತೆಗೆದು, ಕಾಲುವೆ ಮುಚ್ಚಿ ಜಾಗ ಮೊದಲಿದ್ದಂತೆ ಮಾಡಿಕೊಡಿ. ನಲ್ಲಿಗಳನ್ನು ಬಿಚ್ಚಿ ವಾಷರ್ ಸಮೇತ ಡಬ್ಬಿಗೆ ಹಾಕಿಡಿ, ಮುಂದಿನ ವರ್ಷಕ್ಕೆ ಬರುತ್ತವೆ. ಉಪ್ಪು ಕಟ್ಟಿದ ಮಡಕೆಗಳ ತಳಕ್ಕೆ ತೂತು ಹಾಕಿ ಗಿಡ ನೆಡಬಹುದು. ಹಾಗೇ ಹಿತ್ತಿಲಲ್ಲಿ ಬಿಟ್ಟರೆ ಮಳೆನೀರು ನಿಂತು ಸೊಳ್ಳೆ ಸಾಕಿದಂತೆ. ಲೋಟ ಎಣಿಸಿ, ಲೆಕ್ಕ ಬರೆದು ದಾನಿಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ: ಕೂಲಿ ಎಷ್ಟು, ನೀರು ಎಷ್ಟು, ಉಳಿದದ್ದೆಷ್ಟು. ಹೊಸ ಮಡಕೆಗಳನ್ನು ಸಂಕ್ರಾಂತಿ ಕಳೆದ ಕೂಡಲೇ ಕುಂಬಾರರಿಗೆ ಹೇಳಿಬಿಡಿ. ಮಾರ್ಚಿನಲ್ಲಿ ಹೋದರೆ ನಲ್ಲಿಯಿರುವ ಮಡಕೆ ಮುಗಿದು ಬಣ್ಣ ಬಳಿದವು ಮಾತ್ರ ಉಳಿದಿರುತ್ತವೆ.